ಬೀಗ ಬಿದ್ದ ಘಟಕ: ಗ್ರಾಮೀಣ ಸಹಭಾಗಿತ್ವದ ದೋಷವನ್ನು ಪತ್ತೆಹಚ್ಚುವ ಕ್ರಮ

ಗ್ರಾಮ ಪಂಚಾಯಿತಿ ಕಟ್ಟಡ ಕೊಟ್ಟಿದೆ. ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಯಂತ್ರ ಕೊಡಿಸಿದೆ. ಸ್ವಯಂಸೇವಾ ಸಂಸ್ಥೆ ತರಬೇತಿ ನೀಡಿದೆ. ಸ್ವಸಹಾಯ ಸಂಘಗಳ ಮಹಿಳಾ ಒಕ್ಕೂಟ ನಡೆಸುವ ಹೊಣೆ ಹೊತ್ತಿದೆ. ಬ್ಯಾಂಕು ಸಾಲದ ಭರವಸೆ ಇತ್ತಿದೆ. ಉದ್ಘಾಟನೆಯಾಗಿ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿದ್ದು, ಫಲಕದ ಮೇಲಿನ ಐದು ಲಾಂಛನಗಳು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿವೆ. ಇಂಥ ಸ್ಥಿತಿಯಲ್ಲಿರುವ ಘಟಕದ ಮುಂದೆ ನಿಂತ ತಾಲ್ಲೂಕು ಮಟ್ಟದ ಸಂಯೋಜಕರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಹಾಗೂ ಒಕ್ಕೂಟದ ಪದಾಧಿಕಾರಿಗಳು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ಬಯಲುಸೀಮೆಯ ಒಂದು ಹೋಬಳಿಯಲ್ಲಿ ನಾನೇ ಪಾಲುದಾರ ಸಂಸ್ಥೆಯೊಂದರ ಪರವಾಗಿ ಓಡಾಡಿದ ಸಿರಿಧಾನ್ಯ ಸಂಸ್ಕರಣಾ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅಲ್ಲಿ ಆದ ತಪ್ಪುಗಳಲ್ಲಿ ಕೆಲವು ನನ್ನವೇ.

ಆರಂಭಿಸುವ ಮುನ್ನ ಒಂದು ನಿಯಮವನ್ನು ಒಪ್ಪಿಕೊಳ್ಳಬೇಕು. ‘ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ’, ‘ಊರಿನಲ್ಲಿ ಒಗ್ಗಟ್ಟಿಲ್ಲ’, ‘ಜನ ಬರೀ ಸಬ್ಸಿಡಿ ನೋಡುತ್ತಾರೆ’ ಎಂಬ ತೀರ್ಮಾನಗಳನ್ನು ಕಾಗದ, ಕರೆಂಟು, ಹಣ, ಗಿರಾಕಿ ಈ ನಾಲ್ಕನ್ನೂ ಪರಿಶೀಲಿಸಿ ಮುಗಿಸುವವರೆಗೆ ಬಾಯಿಂದಲೂ ಆಡಕೂಡದು, ವರದಿಯಲ್ಲೂ ಬರೆಯಕೂಡದು. ಜನರ ಮೇಲೆ ದೋಷ ಹೊರಿಸುವುದಕ್ಕೆ ಖರ್ಚು ತಗಲುವುದಿಲ್ಲ. ಆದ್ದರಿಂದಲೇ ಎಲ್ಲ ಪಾಲುದಾರರೂ ಮೊದಲು ಅಲ್ಲಿಗೇ ಹೋಗುತ್ತಾರೆ. ಆ ತೀರ್ಮಾನಕ್ಕೆ ಒಮ್ಮೆ ಬಂದುಬಿಟ್ಟರೆ ಮತ್ತೊಂದು ಪ್ರೇರಣಾ ತರಬೇತಿ ಏರ್ಪಾಡಾಗುತ್ತದೆಯೇ ಹೊರತು ಬೀಗ ತೆಗೆಯುವುದಿಲ್ಲ.

ಈ ನಿಯಮಕ್ಕೆ ಕರ್ನಾಟಕದಲ್ಲಿಯೇ ಹಳೆಯ ಆಧಾರವಿದೆ. 1984-85ರ ಸುಮಾರಿಗೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಬೆಳೆಸಿದ್ದ ಹಲವು ಸಹಕಾರ ಸಂಘಗಳು ಒಡೆದುಹೋದಾಗ ಸಾಲ ಮರುಪಾವತಿ ನಿಂತಿತು. ಸದಸ್ಯರಿಗೆ ತೀರಿಸುವ ಮನಸ್ಸಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ವಿಚಾರಿಸಿದಾಗ ಸಿಕ್ಕ ಉತ್ತರ ಬೇರೆಯಾಗಿತ್ತು: ಸಾಲ ತೀರಿಸಲು ಅವರು ಸಿದ್ಧರಿದ್ದರು, ತಮಗೆ ನಂಬಿಕೆ ತಪ್ಪಿದ ದೊಡ್ಡ ಸಂಘದ ಕೈಗೆ ಹಣ ಕೊಡಲು ಸಿದ್ಧರಿರಲಿಲ್ಲ. ಪರಸ್ಪರ ಬಲ್ಲವರು ಸಣ್ಣ ಸಣ್ಣ ಗುಂಪುಗಳಾಗಿ ಕೂತರು. ಆ ಗುಂಪುಗಳೇ ಮುಂದೆ ಸ್ವಸಹಾಯ ಸಂಘಗಳಾದವು. 1992ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೆತ್ತಿಕೊಂಡಾಗ ಇದೇ ಬಗೆಯ ಅನುಭವ ಅದರ ಬೆನ್ನಿಗಿತ್ತು. ದೋಷವನ್ನು ಸರಿಯಾದ ಜಾಗದಲ್ಲಿ ಹುಡುಕಿದ್ದರಿಂದ ದೊರೆತ ಫಲ ಅದು.

ಲಕ್ಷಣವನ್ನು ಬರೆದುಕೊಳ್ಳುವುದು

‘ಘಟಕ ನಿಂತಿದೆ’ ಎಂಬುದನ್ನು ಲಕ್ಷಣವೆಂದು ಬರೆದುಕೊಂಡರೆ ಮುಂದೆ ಹೋಗಲಾಗದು. ಯಂತ್ರ ಕೊನೆಯ ಬಾರಿ ತಿರುಗಿದ ದಿನಾಂಕ, ಅಂದು ಎಷ್ಟು ಕೆ.ಜಿ. ಧಾನ್ಯ ಹಾಕಲಾಯಿತು, ಹೊಟ್ಟು ತೆಗೆದ ಆ ಧಾನ್ಯದ ಅಕ್ಕಿ ಯಾರಿಗೆ ಹೋಯಿತು, ಅದರ ಹಣ ಯಾವ ದಿನ ಬಂತು ಎಂಬ ನಾಲ್ಕು ಸಂಗತಿಗಳನ್ನು ದಾಖಲೆಯಿಂದ ತೆಗೆಯಬೇಕು. ದಾಖಲೆ ಇಲ್ಲದಿದ್ದರೆ ಆ ಸಂಗತಿಯೂ ಒಂದು ಲಕ್ಷಣವೇ. ನಮ್ಮ ಘಟಕದಲ್ಲಿ ನನಗೆ ಮೊದಲು ಸಿಕ್ಕ ಉತ್ತರ ‘ಬೇರಿಂಗ್ ಹೋಗಿದೆ’ ಎಂಬುದಾಗಿತ್ತು. ನಿಜಕ್ಕೂ ಹೊಟ್ಟು ಬಿಡಿಸುವ ಯಂತ್ರದ ಬೇರಿಂಗ್ ಸವೆದಿತ್ತು. ಆದರೆ ಒಕ್ಕೂಟದ ಲೆಕ್ಕ ಬರೆಯುವ ಮುಖ್ಯ ಪುಸ್ತಕ ಬರಹಗಾರರ ವಹಿಯನ್ನು ತೆರೆದು ನೋಡಿದಾಗ, ಯಂತ್ರ ಕೆಡುವುದಕ್ಕೆ ಏಳು ವಾರ ಮೊದಲೇ ಧಾನ್ಯದ ಆವಕ ನಿಂತುಹೋಗಿದ್ದುದು ಕಂಡಿತು. ನಿಂತ ಘಟಕಕ್ಕೆ ಕೆಟ್ಟ ಯಂತ್ರ ನೆಪವಾಗಿ ಒದಗಿತ್ತು, ಅಷ್ಟೆ.

ಲಕ್ಷಣಗಳನ್ನು ಬರೆದುಕೊಳ್ಳುವಾಗ ಪಾಲುದಾರರನ್ನೆಲ್ಲ ಒಂದೇ ಸಭೆಯಲ್ಲಿ ಕೂರಿಸಬಾರದು. ಎಲ್ಲರೂ ಇರುವ ಸಭೆಯಲ್ಲಿ ಒಕ್ಕೂಟದ ಅಧ್ಯಕ್ಷೆ ಬಾಯಿಬಿಡುವುದಿಲ್ಲ, ಪಿಡಿಒ ಸಾಹೇಬರು ನಿಯಮ ಹೇಳುತ್ತಾರೆ, ಕಂಪನಿಯ ಪ್ರತಿನಿಧಿ ಫೋಟೊ ಕೇಳುತ್ತಾರೆ. ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿಯೇ, ಅದರಲ್ಲೂ ಒಕ್ಕೂಟದವರನ್ನು ಯಾರಾದರೊಬ್ಬರ ಮನೆಯ ಜಗಲಿಯ ಮೇಲೆ ಕಂಡು, ‘ಈ ಘಟಕ ಯಾರದು?’ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ನಮಗೆ ಐದು ಉತ್ತರಗಳು ಬಂದವು. ಪಂಚಾಯಿತಿಯವರು ಒಕ್ಕೂಟದ್ದು ಎಂದರು, ಒಕ್ಕೂಟದವರು ಕಂಪನಿಯದು ಎಂದರು, ಕಂಪನಿಯವರು ಸಮುದಾಯದ್ದು ಎಂದರು, ಬ್ಯಾಂಕಿನವರು ಸಂಸ್ಥೆಯದು ಎಂದರು. ಸಂಸ್ಥೆಯವನಾದ ನಾನು ‘ಎಲ್ಲರದ್ದು’ ಎಂದು ಯೋಜನಾ ವರದಿಯಲ್ಲಿ ಬರೆದಿದ್ದೆ.

ಕಾಗದ: ಯಾವುದು ಯಾರ ಹೆಸರಿನಲ್ಲಿದೆ

ಇಡೀ ಪರಿಶೀಲನೆಯಲ್ಲಿ ಹೆಚ್ಚು ಸಮಯವನ್ನು ಇಲ್ಲಿಯೇ ಕಳೆಯಬೇಕು. ಜಾಗ, ಕಟ್ಟಡ, ಯಂತ್ರ, ವಿದ್ಯುತ್ ಮೀಟರ್, ಬ್ಯಾಂಕ್ ಖಾತೆ, ಆಹಾರ ಸುರಕ್ಷತಾ ನೋಂದಣಿ ಇವುಗಳಲ್ಲಿ ಪ್ರತಿಯೊಂದೂ ಯಾರ ಹೆಸರಿನಲ್ಲಿದೆ ಎಂಬುದನ್ನು ಮೂಲ ಕಾಗದ ನೋಡಿಯೇ ಬರೆಯಬೇಕು, ಬಾಯಿಮಾತನ್ನು ನಂಬಬಾರದು.

ಪಂಚಾಯಿತಿ ಕಟ್ಟಡ ಕೊಟ್ಟಿದೆ ಎಂದರೆ ಸಾಮಾನ್ಯ ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು ಇದೆಯೇ, ಠರಾವಿನ ಬೆನ್ನಿಗೆ ಕರಾರು ಪತ್ರವಾಗಿದೆಯೇ, ಆಗಿದ್ದರೆ ಎಷ್ಟು ಅವಧಿಗೆ ಎಂಬುದನ್ನು ನೋಡಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಸ್ಥಿರಾಸ್ತಿ ಗುತ್ತಿಗೆಯನ್ನು ನೋಂದಾಯಿಸುವುದು ಕಡ್ಡಾಯವಾದ್ದರಿಂದ, ಆ ಗೊಡವೆಯೇ ಬೇಡವೆಂದು ಬಹಳ ಕಡೆ ಹನ್ನೊಂದು ತಿಂಗಳಿಗೆ ಕರಾರು ಬರೆಯುವ ರೂಢಿ ಬೆಳೆದಿದೆ. ಹನ್ನೆರಡನೆಯ ತಿಂಗಳಿನಿಂದ ಒಕ್ಕೂಟ ಆ ಕಟ್ಟಡದಲ್ಲಿ ಯಾವ ಹಕ್ಕೂ ಇಲ್ಲದೆ ಕೂತಿರುತ್ತದೆ. ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಪಿಡಿಒ ವರ್ಗವಾಗುವುದು ಅದಕ್ಕೂ ಮೊದಲೇ ಇರಬಹುದು. ಮಾತು ಕೊಟ್ಟವರು ಇಬ್ಬರೂ ಹೋದ ಮೇಲೆ ಹೊಸಬರು ಬಾಡಿಗೆ ಕೇಳಿದರೆ ಅದನ್ನು ದ್ವೇಷವೆಂದು ಭಾವಿಸಬೇಕಿಲ್ಲ. ಅವರ ಮುಂದಿರುವ ಕಡತದಲ್ಲಿ ಬಾಡಿಗೆ ಬೇಡವೆಂದು ಎಲ್ಲಿಯೂ ಬರೆದಿರುವುದಿಲ್ಲ.

ಯಂತ್ರದ ವಿಷಯದಲ್ಲಿ ಕಂಪನಿ ಕಾಯ್ದೆಯ ನಿಯಮವನ್ನು ತಿಳಿದಿರಬೇಕು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕೆಂದು 135ನೆಯ ಪ್ರಕರಣ ವಿಧಿಸುತ್ತದೆ. ಆ ಹಣದಿಂದ ಸೃಷ್ಟಿಯಾದ ಬಂಡವಾಳ ಆಸ್ತಿಯನ್ನು ಕಂಪನಿ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ ಅದು ನೋಂದಾಯಿತ ಸಂಸ್ಥೆಯ, ಇಲ್ಲವೇ ಸ್ವಸಹಾಯ ಸಂಘ ಮತ್ತು ಸಮೂಹಗಳ ರೂಪದಲ್ಲಿರುವ ಫಲಾನುಭವಿಗಳ, ಇಲ್ಲವೇ ಸಾರ್ವಜನಿಕ ಪ್ರಾಧಿಕಾರದ ಸ್ವತ್ತಾಗಬೇಕು. ಒಕ್ಕೂಟದ ಹೆಸರಿಗೆ ಯಂತ್ರ ಬರೆಸಿಕೊಡಲು ಕಾನೂನಿನ ಅಡ್ಡಿ ಇಲ್ಲವೆಂದಾಯಿತು. ಆದರೂ ನಮ್ಮಲ್ಲಿ ಬಿಲ್ಲು ಸಂಸ್ಥೆಯ ಹೆಸರಿಗೆ ಆಗಿತ್ತು, ಏಕೆಂದರೆ ಹಣ ಬಂದದ್ದು ನಮ್ಮ ಖಾತೆಗೆ, ಲೆಕ್ಕ ಒಪ್ಪಿಸಬೇಕಾಗಿದ್ದದ್ದು ನಾವು, ಹಸ್ತಾಂತರ ಪತ್ರವನ್ನು ಆಮೇಲೆ ಮಾಡೋಣವೆಂದು ಮುಂದೂಡಿದ್ದೂ ನಾವೇ. ವಾರಂಟಿ ಇನ್ನೂ ಉಳಿದಿದ್ದಾಗ ಒಕ್ಕೂಟದ ಕಾರ್ಯದರ್ಶಿ ಯಂತ್ರ ಪೂರೈಸಿದವರಿಗೆ ಫೋನ್ ಮಾಡಿದರೆ, ‘ನಮ್ಮ ಗ್ರಾಹಕರು ನೀವಲ್ಲಮ್ಮ, ಸಂಸ್ಥೆಯವರಿಂದ ಮಾಡಿಸಿ’ ಎಂಬ ಉತ್ತರ ಬಂತು. ಸಂಸ್ಥೆಯಲ್ಲಿ ಆ ಯೋಜನೆ ನೋಡಿಕೊಳ್ಳುತ್ತಿದ್ದ ಕ್ಷೇತ್ರ ಸಹಾಯಕರ ಹುದ್ದೆ ಮಾರ್ಚ್ ಕೊನೆಗೇ ಮುಗಿದಿತ್ತು. ಎರಡು ಬೇರಿಂಗ್‌ಗಳು ಸಿಗದೆ ಹೋದ ಕಥೆ ಇಷ್ಟೇ.

ಒಕ್ಕೂಟವೇ ಆಸ್ತಿ ಹೊಂದಲು ಯೋಗ್ಯವಾಗಿದೆಯೇ ಎಂಬುದನ್ನೂ ನೋಡಬೇಕು. ನೋಂದಣಿ ಆಗಿದೆಯೇ, ವಾರ್ಷಿಕ ಲೆಕ್ಕಪತ್ರ ಸಲ್ಲಿಕೆ ಬಾಕಿ ಉಳಿದಿದೆಯೇ, ಪದಾಧಿಕಾರಿಗಳು ಬದಲಾದ ಮೇಲೆ ಬ್ಯಾಂಕಿನಲ್ಲಿ ಸಹಿ ಬದಲಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಹಸ್ತಾಂತರದ ಮಾತನ್ನು ಎತ್ತುವುದು ವ್ಯರ್ಥ. ಸಹಿಯ ಪ್ರಶ್ನೆ ಚಿಕ್ಕದೆನಿಸಬಹುದು. ಆದರೆ ಹಳೆಯ ಅಧ್ಯಕ್ಷೆ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದ ಮೂರು ತಿಂಗಳು ಒಂದು ಚೆಕ್ಕೂ ಪಾಸಾಗದೆ ನಿಂತದ್ದನ್ನು ನಾನು ಕಂಡಿದ್ದೇನೆ.

ಕರೆಂಟು

ಇದನ್ನು ಬೇಗ ಮುಗಿಸಬಹುದು, ಆದರೆ ಬಿಡಬಾರದು. ಮೀಟರಿನ ಆರ್.ಆರ್. ಸಂಖ್ಯೆ (ಬಿಲ್ಲಿನ ಮೇಲಿರುವ ಸಂಪರ್ಕದ ಗುರುತು ಸಂಖ್ಯೆ) ಯಾರ ಹೆಸರಿನಲ್ಲಿದೆ, ಸಂಪರ್ಕ ಮೂರು ಫೇಸಿನದೇ, ಅದು ಊರಿನ ಫೀಡರ್‌ನಿಂದ, ಎಂದರೆ ಊರಿಗೆ ವಿದ್ಯುತ್ತು ತರುವ ಮಾರ್ಗದಿಂದ ಬಂದಿದೆಯೇ ಅಥವಾ ಪಂಪ್‌ಸೆಟ್ಟುಗಳ ಫೀಡರ್‌ನಿಂದ ಬಂದಿದೆಯೇ ಎಂಬುದನ್ನು ನೋಡಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳಿಗೂ ನೀರಾವರಿ ಪಂಪುಗಳಿಗೂ ಫೀಡರ್‌ಗಳನ್ನು ಬೇರ್ಪಡಿಸಿದ ಮೇಲೆ, ಹೊಲದ ಕಡೆಯ ಮಾರ್ಗದಲ್ಲಿ ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆ, ಅದೂ ಪಾಳಿಯ ಮೇಲೆ, ಎಷ್ಟೋ ಬಾರಿ ರಾತ್ರಿಯ ಹೊತ್ತಿನಲ್ಲಿ ಬರುತ್ತದೆ. ಜಾಗ ಸುಲಭವಾಗಿ ಸಿಕ್ಕಿತೆಂದು ಊರಾಚೆ ಕಟ್ಟಿದ ಘಟಕ ಆ ಮಾರ್ಗಕ್ಕೆ ಸೇರಿಕೊಂಡಿದ್ದರೆ ನಡುರಾತ್ರಿ ಎದ್ದುಬಂದು ಯಂತ್ರ ನಡೆಸುವಂತೆ ಮನೆ ಮಕ್ಕಳಿರುವ ಹೆಂಗಸರಿಗೆ ಹೇಳಿದಂತಾಗುತ್ತದೆ. ಅವರು ಬಾರದಿದ್ದುದನ್ನು ‘ನಿರಾಸಕ್ತಿ’ ಎಂದು ನಮೂದಿಸಿದ ಒಂದು ವರದಿಯನ್ನು ನಾನೇ ಓದಿದ್ದೇನೆ. ನಮ್ಮ ಘಟಕದಲ್ಲಿ ದೋಷ ಬೇರೆಯಾಗಿತ್ತು. ಕಟ್ಟಡ ಕಟ್ಟುವಾಗ ಗುತ್ತಿಗೆದಾರರು ಪಡೆದಿದ್ದ ತಾತ್ಕಾಲಿಕ ಸಂಪರ್ಕವೇ ಮುಂದುವರಿದಿದ್ದು, ಅದರ ದುಬಾರಿ ದರದ ಬಿಲ್ಲು ಅವರ ಹೆಸರಿಗೆ ಬಂದು ಯಾರೂ ಕಟ್ಟದೆ ಬಾಕಿ ಬೆಳೆದಿತ್ತು.

ಹಣ ಬರುವ ತಿಂಗಳು, ಹಣ ಬೇಕಾಗುವ ತಿಂಗಳು

ಪಾಲುದಾರರು ಕೊಡುವ ಹಣ ಸಾಲದೆ ಹೋಗುವುದಕ್ಕಿಂತ ಅದು ತಪ್ಪು ತಿಂಗಳಲ್ಲಿ ಬರುವುದರಿಂದ ಹೆಚ್ಚು ಘಟಕಗಳು ನಿಲ್ಲುತ್ತವೆ ಎಂಬುದು ನನ್ನ ಅನುಭವ. ಇದನ್ನು ಪತ್ತೆಹಚ್ಚಲು ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳನ್ನು ಬರೆದು, ಮೇಲಿನ ಸಾಲಿನಲ್ಲಿ ಹಣ ಬಂದ ತಿಂಗಳುಗಳನ್ನು, ಕೆಳಗಿನ ಸಾಲಿನಲ್ಲಿ ಹಣ ಬೇಕಾದ ತಿಂಗಳುಗಳನ್ನು ಗುರುತಿಸಬೇಕು. ಮುಂಗಾರಿನ ನವಣೆ, ಸಾಮೆ ಕಣಕ್ಕೆ ಬರುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ವರ್ಷವಿಡೀ ಯಂತ್ರ ನಡೆಯಬೇಕಾದರೆ ಆ ಎರಡು ಮೂರು ತಿಂಗಳಲ್ಲಿಯೇ ಧಾನ್ಯವನ್ನು ಕೊಂಡು ಇಟ್ಟುಕೊಳ್ಳಬೇಕು. ಕ್ವಿಂಟಲ್‌ಗೆ 3,500 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೂ 100 ಕ್ವಿಂಟಲ್‌ಗೆ ಮೂರೂವರೆ ಲಕ್ಷ ರೂಪಾಯಿ ಕೈಯಲ್ಲಿರಬೇಕು. ಕಂಪನಿಯ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಅಲ್ಲಿಂದ ಕಂತು ಬಿಡುಗಡೆಯಾಗುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ; ಅದೂ ಯಂತ್ರಕ್ಕೆ, ತರಬೇತಿಗೆ, ಫಲಕಕ್ಕೆ. ಕಣದಲ್ಲಿ ಕಾಳು ಇರುವಾಗ ಒಕ್ಕೂಟದ ಬಳಿ ಹಣವಿಲ್ಲ. ಹಣ ಬರುವಾಗ ಕಾಳು ವ್ಯಾಪಾರಿಯ ಗೋದಾಮಿನಲ್ಲಿದೆ. ಒಕ್ಕೂಟದ ಸದಸ್ಯೆಯೇ ತನ್ನ ಹೊಲದ ನವಣೆಯನ್ನು ಕಣದಲ್ಲಿಯೇ ನಗದು ಎಣಿಸುವ ವ್ಯಾಪಾರಿಗೆ ಕೊಟ್ಟಳೆಂದು ಬೇಸರಪಡುವವರು, ಆಕೆಗೆ ಆ ವಾರ ಕಟ್ಟಬೇಕಾಗಿದ್ದ ಸಂಘದ ಸಾಲದ ಕಂತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದುಡಿಯುವ ಬಂಡವಾಳಕ್ಕೆ ದಾರಿಗಳಿಲ್ಲವೆಂದಲ್ಲ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ, ಆಹಾರ ಸಂಸ್ಕರಣೆಯಲ್ಲಿ ತೊಡಗಿರುವ ಸ್ವಸಹಾಯ ಸಂಘದ ಸದಸ್ಯೆಯೊಬ್ಬರಿಗೆ 40,000 ರೂಪಾಯಿವರೆಗೆ ಬೀಜ ಬಂಡವಾಳದ ಅವಕಾಶವಿದ್ದು, ಅದನ್ನು ದುಡಿಯುವ ಬಂಡವಾಳಕ್ಕೂ ಸಣ್ಣ ಸಲಕರಣೆಗಳಿಗೂ ಬಳಸಬಹುದು. ಬ್ಯಾಂಕು ಒಕ್ಕೂಟದ ಸಂಘಗಳಿಗೆ ಕೊಡುವ ಸಾಲವೂ ಇದೆ. ಪ್ರಶ್ನೆ ಇರುವುದು ಅರ್ಜಿಯ ಕಾಲದಲ್ಲಿ: ಅಕ್ಟೋಬರಿನಲ್ಲಿ ಹಣ ಬೇಕಾದರೆ ಜೂನ್‌ನಲ್ಲಿಯೇ ಕಡತ ಬ್ಯಾಂಕಿನ ಮೇಜಿನ ಮೇಲಿರಬೇಕು. ಸಹಭಾಗಿತ್ವದ ಒಪ್ಪಂದದಲ್ಲಿ ಈ ತಿಂಗಳುಗಳನ್ನು ಹೆಸರಿಸಿ ಬರೆದಿದ್ದೇವೆಯೇ ಎಂದು ತೆರೆದು ನೋಡಿದರೆ, ‘ಬ್ಯಾಂಕು ಅಗತ್ಯ ನೆರವು ನೀಡತಕ್ಕದ್ದು’ ಎಂಬ ಒಂದು ವಾಕ್ಯ ಮಾತ್ರ ಸಿಗುತ್ತದೆ.

ಇದರ ಜೊತೆಗೇ ನೆರವು ನಿಲ್ಲುವ ದಿನವನ್ನೂ ಗುರುತಿಸಬೇಕು. ಸಾಮಾಜಿಕ ಹೊಣೆಗಾರಿಕೆಯ ಬಹುವರ್ಷೀಯ ಯೋಜನೆಗೆ, ಆರಂಭದ ಆರ್ಥಿಕ ವರ್ಷವನ್ನು ಬಿಟ್ಟು, ಮೂರು ವರ್ಷದ ಮಿತಿ ಇದೆ. ಮೊದಲ ವರ್ಷ ಜಾಗ ಹುಡುಕುವುದರಲ್ಲಿ, ಎರಡನೆಯದು ಕಟ್ಟುವುದರಲ್ಲಿ ಕಳೆದರೆ ವ್ಯಾಪಾರ ಕಣ್ಣುಬಿಡುವ ಹೊತ್ತಿಗೆ ಕೈಹಿಡಿದವರು ಹೊರಡುತ್ತಾರೆ. ರೈತ ಉತ್ಪಾದಕ ಸಂಸ್ಥೆಗಳಲ್ಲಿಯೂ ಇದೇ ದೋಷ ಇನ್ನೊಂದು ವೇಷದಲ್ಲಿ ಕಾಣುತ್ತದೆ. 2020ರ ಕೇಂದ್ರ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನಿರ್ವಹಣಾ ವೆಚ್ಚ ಸಿಗುತ್ತದೆ. ಮುಖ್ಯ ಕಾರ್ಯನಿರ್ವಾಹಕರ ಸಂಬಳ ಅದರಲ್ಲಿಯೇ ಸೇರಿರುತ್ತದೆ. ಮೂರನೆಯ ವರ್ಷದ ಕೊನೆಗೆ ವ್ಯಾಪಾರದ ಲಾಭದಿಂದ ಆ ಸಂಬಳ ಹುಟ್ಟದಿದ್ದರೆ, ಸದಸ್ಯರು 300 ಇರಲಿ 1,000 ಇರಲಿ, ಕಚೇರಿ ತೆರೆಯುವವರೇ ಇರುವುದಿಲ್ಲ.

ಗಿರಾಕಿ

ಯಾರು ಕೊಳ್ಳುತ್ತಾರೆ ಎಂಬುದಕ್ಕೆ ಲಿಖಿತ ಉತ್ತರವಿದೆಯೇ ಎಂದು ನೋಡಬೇಕು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಎರಡು ಭರವಸೆಗಳು ಕೇಳಿಬಂದಿದ್ದವು: ಕಂಪನಿಯ ಕ್ಯಾಂಟೀನಿಗೆ ಇಲ್ಲಿಯ ಅಕ್ಕಿಯನ್ನೇ ಕೊಳ್ಳುತ್ತೇವೆ ಎಂಬುದು ಒಂದು, ಅಂಗನವಾಡಿಗಳಿಗೂ ಹಾಸ್ಟೆಲುಗಳಿಗೂ ಇಲ್ಲಿಂದಲೇ ಕೊಡಿಸುತ್ತೇವೆ ಎಂಬುದು ಇನ್ನೊಂದು. ಕ್ಯಾಂಟೀನನ್ನು ನಡೆಸುತ್ತಿದ್ದವರು ಬೇರೆಯೇ ಗುತ್ತಿಗೆದಾರರು. ಅವರು ಆ ವೇದಿಕೆಯ ಮೇಲೆ ಇರಲಿಲ್ಲ. ಸರ್ಕಾರಿ ಖರೀದಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ ಒಳಪಟ್ಟದ್ದಾದ್ದರಿಂದ, ಟೆಂಡರ್ ಇಲ್ಲವೇ ನಿಯಮದಲ್ಲಿ ಹೇಳಿದ ವಿನಾಯಿತಿ ಇಲ್ಲದೆ ಯಾವ ಅಧಿಕಾರಿಯೂ ಮಾತಿನ ಮೇಲೆ ಕೊಳ್ಳಲಾಗದು. ಆ ಭರವಸೆಯನ್ನು ನಂಬಿ ಒಕ್ಕೂಟ ಮೊದಲ ತಿಂಗಳಲ್ಲಿಯೇ ಮೂಟೆಗಟ್ಟಲೆ ನವಣೆ ಅಕ್ಕಿ ಮಾಡಿಟ್ಟಿತು.

ಇಲ್ಲಿ ಧಾನ್ಯದ ಸ್ವಭಾವವನ್ನೂ ತಿಳಿಯದೆ ದೋಷ ಅರ್ಥವಾಗುವುದಿಲ್ಲ. ಹೊಟ್ಟು ಇರುವಷ್ಟು ಕಾಲ ನವಣೆ, ಸಾಮೆ, ಕೊರಲೆಗಳು ಚೆನ್ನಾಗಿ ಉಳಿಯುತ್ತವೆ. ಹೊಟ್ಟು ಬಿಡಿಸಿದ ಮೇಲೆ ಒಳಗಿನ ಎಣ್ಣೆಯಂಶ ಗಾಳಿಗೆ ತೆರೆದುಕೊಂಡು ಕೆಲವು ತಿಂಗಳಲ್ಲಿಯೇ ಕಮಟು ವಾಸನೆ ಬರತೊಡಗುತ್ತದೆ, ಹುಳುವೂ ಬೀಳುತ್ತದೆ. ಆದ್ದರಿಂದ ಕಾಳನ್ನು ದಾಸ್ತಾನು ಮಾಡಬೇಕು, ಅಕ್ಕಿಯನ್ನು ಬೇಡಿಕೆ ಬಂದಷ್ಟೇ ಮಾಡಬೇಕು. ತರಬೇತಿಯಲ್ಲಿ ಇದನ್ನು ಹೇಳಿದ್ದೆವು. ಆದರೆ ಅದೇ ಯೋಜನೆಯ ಪ್ರಗತಿ ವರದಿಯಲ್ಲಿ ‘ಈ ತಿಂಗಳು ಉತ್ಪಾದಿಸಿದ ಅಕ್ಕಿ, ಕೆ.ಜಿ.ಗಳಲ್ಲಿ’ ಎಂಬ ಅಂಕಣವನ್ನು ಇಟ್ಟವರೂ ನಾವೇ; ‘ಮಾರಾಟವಾದದ್ದು’ ಎಂಬ ಅಂಕಣ ಇರಲೇ ಇಲ್ಲ. ಅಂಕಣ ತುಂಬಿಸಲು ಅಕ್ಕಿ ತಯಾರಾಯಿತು, ಕಮಟಾಯಿತು, ಕೊನೆಗೆ ಹಸುವಿನ ಮೇವಿಗೆ ಹೋಯಿತು.

ಪುಸ್ತಕ, ಸಭೆ, ಆಮೇಲೆ ಜನ

ಈಗ ಮಾತ್ರ ಜನರ ಕಡೆ ತಿರುಗಬಹುದು. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲ ಮರುಪಾವತಿ, ಸರಿಯಾದ ಪುಸ್ತಕ ಎಂಬ ಪಂಚಸೂತ್ರಗಳನ್ನು ಸ್ವಸಹಾಯ ಸಂಘಗಳಿಗೆ ಬೋಧಿಸುವ ನಾವು, ಪಾಲುದಾರರ ಸಮನ್ವಯ ಸಮಿತಿಯನ್ನು ಅದೇ ಅಳತೆಗೋಲಿನಿಂದ ಅಳೆದಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ನಮ್ಮ ಸಮಿತಿ ಹದಿನೆಂಟು ತಿಂಗಳಲ್ಲಿ ಎರಡು ಬಾರಿ ಸೇರಿತ್ತು. ಅವುಗಳಲ್ಲಿ ಒಂದು ಉದ್ಘಾಟನೆಯ ಪೂರ್ವಭಾವಿ ಸಭೆ. ಒಕ್ಕೂಟದ ಹೆಂಗಸರು ಅದೇ ಅವಧಿಯಲ್ಲಿ ತಪ್ಪದೆ ಪ್ರತಿ ತಿಂಗಳೂ ಸೇರಿದ್ದರು.

ಹಾಲು ಉತ್ಪಾದಕರ ಸಹಕಾರ ಸಂಘ ಅದೇ ಊರಿನಲ್ಲಿ, ಅದೇ ಜನರಿಂದ ನಡೆಯುತ್ತಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಳಿಗ್ಗೆ ಸಂಜೆ ಹಾಲನ್ನು ಅಳೆಯುತ್ತಾರೆ, ಕೊಬ್ಬಿನಂಶ ನೋಡುತ್ತಾರೆ, ಹಾಕಿದವರ ಕೈಗೆ ಚೀಟಿ ಬರುತ್ತದೆ, ಗೊತ್ತಾದ ದಿನ ಬಟವಾಡೆಯಾಗುತ್ತದೆ. ಅಲ್ಲಿ ಜಗಳವಿಲ್ಲವೆಂದಲ್ಲ, ರಾಜಕೀಯವಿಲ್ಲವೆಂದಂತೂ ಅಲ್ಲವೇ ಅಲ್ಲ. ಆದರೆ ಲೆಕ್ಕ ತಪ್ಪಿದರೆ ಅಂದೇ ಸಂಜೆ ಗೊತ್ತಾಗುತ್ತದೆ. ನಮ್ಮ ಐವರ ಸಹಭಾಗಿತ್ವದಲ್ಲಿ ಲೆಕ್ಕ ತಪ್ಪಿದ್ದು ಗೊತ್ತಾಗಲು ಲೆಕ್ಕಪರಿಶೋಧಕರು ಬರಬೇಕಾಯಿತು.

ಇದೇ ಪರಿಶೀಲನಾ ಕ್ರಮವನ್ನು ಪಂಚಾಯಿತಿ ಮತ್ತು ಸಂಜೀವಿನಿ (ರಾಜ್ಯದ ಗ್ರಾಮೀಣ ಜೀವನೋಪಾಯ ಅಭಿಯಾನ) ಒಕ್ಕೂಟಗಳ ನಡುವಿನ ಕಸ ವಿಲೇವಾರಿ ಒಡಂಬಡಿಕೆಗೂ ಅನ್ವಯಿಸಬಹುದು. ಕಸ ಸಂಗ್ರಹಿಸುವ ಸ್ವಚ್ಛವಾಹಿನಿ ಗಾಡಿ ಪಂಚಾಯಿತಿ ಕಚೇರಿಯ ಮುಂದೆ ನಿಂತಿದ್ದರೆ, ಓಡಿಸುವ ಹೆಣ್ಣುಮಗಳ ಉತ್ಸಾಹವನ್ನು ಅಳೆಯುವ ಮೊದಲು ಡೀಸೆಲ್ ಬಿಲ್ಲು ಯಾರ ಹೆಸರಿನಲ್ಲಿ ಆಗುತ್ತದೆ, ವಿಮೆ ಯಾವಾಗ ಮುಗಿಯಿತು, ಗೌರವಧನ ಎಷ್ಟು ತಿಂಗಳಿಂದ ಬಾಕಿ ಎಂಬುದನ್ನು ನೋಡಿದರೆ ಸಾಕಾಗುತ್ತದೆ.

ದುರಸ್ತಿ

ದುರಸ್ತಿಯನ್ನು ಪತ್ತೆಹಚ್ಚಿದ ಕ್ರಮದಲ್ಲಿಯೇ ಮಾಡಬೇಕು, ಯಂತ್ರದಿಂದ ಆರಂಭಿಸಬಾರದು. ನಾವು ಮೊದಲು ಯಂತ್ರದ ಹಸ್ತಾಂತರ ಪತ್ರವನ್ನು ಒಕ್ಕೂಟದ ಹೆಸರಿಗೆ ಮಾಡಿ, ಅದರ ಪ್ರತಿಯನ್ನು ಕಂಪನಿಗೂ ಯಂತ್ರ ಪೂರೈಸಿದವರಿಗೂ ಕಳಿಸಿದೆವು. ಪಂಚಾಯಿತಿಯಲ್ಲಿ ಐದು ವರ್ಷದ ಗುತ್ತಿಗೆಗೆ ಹೊಸ ಠರಾವಾಗಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಯಿತು. ತಿಂಗಳಿಗೆ ಅಲ್ಪ ಬಾಡಿಗೆಯನ್ನು ಒಕ್ಕೂಟವೇ ಒಪ್ಪಿಕೊಂಡಿತು. ಬಾಡಿಗೆ ಕಟ್ಟಿದ ರಸೀದಿ ಇರುವವರನ್ನು ಎಬ್ಬಿಸುವುದು ಕಷ್ಟವೆಂದು ಒಕ್ಕೂಟದ ಕಾರ್ಯದರ್ಶಿಯೇ ಸೂಚಿಸಿದ ಉಪಾಯವದು, ನಮಗೆ ಹೊಳೆದಿರಲಿಲ್ಲ. ತಾತ್ಕಾಲಿಕ ಸಂಪರ್ಕದ ಬಾಕಿಯನ್ನು ಮೂರು ಪಾಲು ಮಾಡಿ ತೀರಿಸಿ, ಒಕ್ಕೂಟದ ಹೆಸರಿನಲ್ಲಿ ಹೊಸ ಮೀಟರ್ ಹಾಕಿಸಿದೆವು. ಸಾಲದ ಅರ್ಜಿಯನ್ನು ಜೂನ್‌ನಲ್ಲಿ ಕೊಟ್ಟೆವು. ಪ್ರಗತಿ ವರದಿಯಿಂದ ಉತ್ಪಾದನೆಯ ಅಂಕಣವನ್ನು ತೆಗೆದು, ಮಾರಾಟ ಮತ್ತು ಹಣ ಬಂದ ದಿನಾಂಕ ಎಂಬ ಎರಡು ಅಂಕಣಗಳನ್ನು ಹಾಕಿದೆವು. ಕಂಪನಿ ಇದಕ್ಕೆ ಒಪ್ಪಲು ನಾಲ್ಕು ಪತ್ರಗಳು ಬೇಕಾದವು.

ಬೇರಿಂಗ್‌ಗಳನ್ನು ಬದಲಿಸಿದ್ದು ಎಲ್ಲಕ್ಕಿಂತ ಕೊನೆಗೆ. ತಾಲ್ಲೂಕು ಕೇಂದ್ರದಿಂದ ಬಂದ ಮೆಕ್ಯಾನಿಕ್ಕಿಗೆ ಅರ್ಧ ದಿನ ಸಾಕಾಯಿತು. ಘಟಕ ಈಗ ವಾರಕ್ಕೆ ಮೂರು ದಿನ ನಡೆಯುತ್ತದೆ. ಹೆಚ್ಚಿನ ಕೆಲಸ ಸುತ್ತಲಿನ ರೈತರು ಮನೆಬಳಕೆಗೆ ತರುವ ಕಾಳನ್ನು ಕೂಲಿಗೆ ಅಕ್ಕಿ ಮಾಡಿಕೊಡುವುದು; ಇದು ಮೂಲ ಯೋಜನಾ ವರದಿಯ ಯಾವ ಪುಟದಲ್ಲಿಯೂ ಇರಲಿಲ್ಲ. ಕಟ್ಟಡ ನಿಂತಿರುವ ಜಾಗಕ್ಕೆ ಇ-ಸ್ವತ್ತು ದಾಖಲೆ (ಪಂಚಾಯಿತಿ ವ್ಯಾಪ್ತಿಯ ಆಸ್ತಿಯ ಗಣಕೀಕೃತ ದಾಖಲೆ) ಇನ್ನೂ ಆಗಿಲ್ಲ. ಅರ್ಜಿಯ ಸ್ವೀಕೃತಿ ಚೀಟಿಯನ್ನು ಒಕ್ಕೂಟದ ಕಾರ್ಯದರ್ಶಿ ತಮ್ಮ ಕಡತದ ಮೊದಲ ಹಾಳೆಯಾಗಿ ಇಟ್ಟುಕೊಂಡಿದ್ದಾರೆ.